ಬಾಗಿಲ ಮೇಲೆ 'ಡಾ. ಅಹ್ಮದ್' ಎಂದು ಬರೆದಿದ್ದ ಮನೆ

ನೈಲ್ ನದಿಯ ದಂಡೆಯಲ್ಲಿರುವ ಈಜಿಪ್ಟಿನ ಸಣ್ಣ ಪಟ್ಟಣ ದಸೂಕ್. ಅಲ್ಲಿ ಒಂದು ಸಾಧಾರಣ ಮನೆ. ಮೂವರು ಹೆಣ್ಣುಮಕ್ಕಳ ಜೊತೆ ಒಬ್ಬನೇ ಗಂಡು ಮಗ. ಹುಡುಗ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲೇ ಮನೆಯವರು ಅವನು ಓದುವ ಕೋಣೆಯ ಬಾಗಿಲಿಗೆ ಒಂದು ಫಲಕ ಹಾಕಿದ್ದರು. ಅದರಲ್ಲಿ ಬರೆದಿದ್ದದ್ದು ಎರಡೇ ಪದ: 'ಡಾ. ಅಹ್ಮದ್'.

ಆ ಹುಡುಗನ ಹೆಸರು ಅಹ್ಮದ್ ಝೆವೈಲ್. 1999ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಯಾರ ಜೊತೆಗೂ ಹಂಚಿಕೊಳ್ಳದೆ ಒಬ್ಬರೇ ಪಡೆದವರು. ವಿಜ್ಞಾನಕ್ಕಾಗಿ ನೊಬೆಲ್ ಪಡೆದ ಮೊದಲ ಅರಬ್. ನಮ್ಮಲ್ಲಿ ಅನೇಕರಿಗೆ ಇಷ್ಟು ಗೊತ್ತಿರಬಹುದು, ಮಕ್ಕಳ ಕ್ವಿಝ್ ಪುಸ್ತಕದಲ್ಲೂ ಇದೊಂದು ಪ್ರಶ್ನೆ. ಆದರೆ ಪ್ರಶಸ್ತಿಯ ಆಚೆಗೆ ಅವರು ಬದುಕಿದ ರೀತಿ, ವಿಜ್ಞಾನ, ಹಾಡು, ರಾಜಕೀಯ, ಕೊನೆಗೆ ಮೈಗೆ ಬಂದ ಕಾಯಿಲೆ ಇವುಗಳ ಬಗ್ಗೆ ಅವರು ಇಟ್ಟುಕೊಂಡಿದ್ದ ನಿಲುವು ನಮ್ಮ ಮನೆಗಳಲ್ಲಿ ಕೂತು ಮಾತಾಡಬೇಕಾದ ಸಂಗತಿ. ಈ ವಾರ ಅದನ್ನೇ ಹೇಳಲು ಹೊರಟಿದ್ದೇವೆ.

ದಸೂಕ್‌ನ ಪಳ್ಳಿ, ಉಮ್ಮನ ಸ್ಟೌ

ಝೆವೈಲ್ ಹುಟ್ಟಿದ್ದು 1946ರ ಫೆಬ್ರವರಿ 26ರಂದು, ಅಲೆಕ್ಸಾಂಡ್ರಿಯಾದ ಹತ್ತಿರದ ದಮನ್‌ಹೂರ್‌ನಲ್ಲಿ. ಬೆಳೆದದ್ದು ದಸೂಕ್‌ನಲ್ಲಿ. ನಮ್ಮ ಉಳ್ಳಾಲ ಅಂದ ಕೂಡಲೇ ಸಯ್ಯಿದ್ ಮದನಿ ದರ್ಗಾ ಹೇಗೆ ಕಣ್ಮುಂದೆ ಬರುತ್ತದೋ ಹಾಗೆ ದಸೂಕ್ ಅಂದರೆ ಅಲ್ಲಿನವರಿಗೆ ಸೂಫಿ ಸಂತ ಇಬ್ರಾಹೀಂ ದಸೂಕಿ ಅವರ ಹೆಸರಿನ ದೊಡ್ಡ ಮಸೀದಿ. ಊರಿನ ಬದುಕು ಸುತ್ತುವುದೇ ಅದರ ಸುತ್ತ. ಆ ಪಳ್ಳಿಯಲ್ಲಿ ಗೆಳೆಯರೊಂದಿಗೆ ಕೂತು ಓದಿದ ದಿನಗಳನ್ನು ಝೆವೈಲ್ ದೊಡ್ಡವರಾದ ಮೇಲೆ ಪ್ರೀತಿಯಿಂದ ನೆನೆದಿದ್ದಾರೆ. ಅವರ ಮಟ್ಟಿಗೆ ನಮಾಝಿನ ಜಾಗವೂ ಪಾಠದ ಜಾಗವೂ ಬೇರೆ ಬೇರೆ ಆಗಿರಲಿಲ್ಲ.

ಮನೆಯಲ್ಲಿ ಇನ್ನೊಂದು ಪಾಠಶಾಲೆ ನಡೆಯುತ್ತಿತ್ತು. ಉಮ್ಮ ಕಾಫಿ ಕಾಯಿಸುವ ಎಣ್ಣೆ ಸ್ಟೌವನ್ನು ಹುಡುಗ ತನ್ನ ಮಲಗುವ ಕೋಣೆಗೆ ಒಯ್ದ. ನಾಲ್ಕಾರು ಗಾಜಿನ ಕೊಳವೆ ಜೋಡಿಸಿದ. ಕಟ್ಟಿಗೆಯನ್ನು ಕಾಯಿಸಿದರೆ ಅದು ಉರಿಯುವ ಅನಿಲ ಆಗುವುದು ಹೇಗೆ, ಜೊತೆಗೆ ದ್ರವವೂ ಬರುವುದು ಹೇಗೆ ಅಂತ ನೋಡುವುದು ಅವನ ಉದ್ದೇಶ. ಮನೆಗೇ ಬೆಂಕಿ ಹತ್ತಿಕೊಳ್ಳುವ ಅಪಾಯವಿತ್ತು ಅನ್ನುವುದನ್ನೂ ಅವರು ಮುಂದೆ ನೊಬೆಲ್ ಸಂಸ್ಥೆಗೆ ಬರೆದುಕೊಟ್ಟ ಜೀವನ ವೃತ್ತಾಂತದಲ್ಲಿ ಮರೆಯದೆ ಹೇಳಿಕೊಂಡಿದ್ದಾರೆ.

ಸೋದರಮಾವ ರಿಝ್ಕ್ ಅವರನ್ನು ಝೆವೈಲ್ ವಿಶೇಷವಾಗಿ ನೆನೆಯುತ್ತಾರೆ. ತಾನೇ ಓದಿ ಕಲಿತ ಮನುಷ್ಯ, ಊರಲ್ಲಿ ಗೌರವ ಇದ್ದವರು. ಯಾವುದನ್ನೂ ಕಣ್ಣುಮುಚ್ಚಿ ಒಪ್ಪದೆ ತೂಗಿ ನೋಡುವುದನ್ನು, ಸಂಗೀತ ಕೇಳುವುದನ್ನು, ಪಂಡಿತರ ಜೊತೆಗೂ ಪಾಮರರ ಜೊತೆಗೂ ಸಮನಾಗಿ ಬೆರೆಯುವುದನ್ನು ಕಲಿಸಿದ್ದು ಆ ಮಾವ. ಇಂಥ ಒಬ್ಬ ಮಾವನೋ ಕಾಕನೋ ನಮ್ಮ ಕುಟುಂಬಗಳಲ್ಲೂ ಇರುತ್ತಾರೆ. ಡಿಗ್ರಿ ಇರುವುದಿಲ್ಲ, ಆದರೆ ಪೇಪರು ಬಿಡದೆ ಓದುತ್ತಾರೆ, ಮಕ್ಕಳ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಶಾಲೆಯಲ್ಲಿ ಇಸವಿ, ಹೆಸರು ಬಾಯಿಪಾಠ ಮಾಡುವ ವಿಷಯಗಳು ಹುಡುಗನಿಗೆ ರುಚಿಸಲಿಲ್ಲ. 'ಹೇಗೆ', 'ಯಾಕೆ' ಅನ್ನುವ ಪ್ರಶ್ನೆ ಅವನನ್ನು ಬಿಡುತ್ತಿರಲಿಲ್ಲ. ಗಣಿತ, ಯಂತ್ರಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಆ ಪ್ರಶ್ನೆಗೆ ಜಾಗ ಇತ್ತು. ಅಲ್ಲಿಗೆ ಹೋದ.

ದೊಡ್ಡ ಕಾರಿನ ಕನಸು

ಅಲೆಕ್ಸಾಂಡ್ರಿಯಾ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಕ್ಕೆ ಸೇರಿದ ಝೆವೈಲ್ 1967ರಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಮುಗಿಸಿದರು. ಆ ವರ್ಷ ಯಾವುದು ಅಂತ ಓದುಗರಿಗೆ ಹೇಳಬೇಕಾಗಿಲ್ಲ. ಜೂನ್‌ನ ಆರು ದಿನದ ಯುದ್ಧದಲ್ಲಿ ಈಜಿಪ್ಟ್ ಸೋತಿತ್ತು, ಸಿನಾಯ್ ಕಳಕೊಂಡಿತ್ತು. ಅಮೆರಿಕ ಅಂದರೆ ಜನ ಮುಖ ಸಿಂಡರಿಸುತ್ತಿದ್ದ ಕಾಲ. ಹೆಚ್ಚಿನ ಓದಿಗೆ ಹೋಗುವವರನ್ನು ಸೋವಿಯತ್ ರಷ್ಯಾಕ್ಕೆ ಕಳಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಅಮೆರಿಕದಿಂದ ಕಲಿತು ಬಂದಿದ್ದ ಕೆಲವು ಅಧ್ಯಾಪಕರ ಬೆಂಬಲದಿಂದ ಈ ಯುವಕ ಅಲ್ಲಿಗೇ ಅರ್ಜಿ ಹಾಕಿದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸ್ಕಾಲರ್‌ಶಿಪ್ ಕೊಟ್ಟಿತು. 1969ರಲ್ಲಿ ಹೊರಟರು.

ಅಲ್ಲಿಗೆ ಹೋದಾಗ ಸಮುದ್ರಕ್ಕೆ ಎಸೆದಂತೆ ಆಗಿತ್ತು ಅಂತ ಅವರು ಹೇಳಿಕೊಂಡಿದ್ದಾರೆ. ಇಂಗ್ಲಿಷು ಸರಿಯಾಗಿ ಬಾರದು. ಸಹಪಾಠಿಗಳು ಕಲಿತ ಎಷ್ಟೋ ಪಾಠ ಇವರಿಗೆ ಹೊಸತು. ಮೇಲಿಂದ ರಾಜಕೀಯದ ಗೋಡೆ ಬೇರೆ, ಅರಬ್ ಎಂದ ಕೂಡಲೇ ನೋಡುವ ನೋಟವೇ ಬದಲಾಗುತ್ತಿತ್ತು. 1974ರಲ್ಲಿ ಪಿಎಚ್‌ಡಿ ಆಯಿತು.

ಆಗ ಅವರ ತಲೆಯಲ್ಲಿದ್ದ ಯೋಜನೆ ಕೇಳಿದರೆ ನಮಗೆ ನಗು ಬಂದೀತು, ಜೊತೆಗೆ ಪರಿಚಿತ ಅನ್ನಿಸೀತು. ಊರಿಗೆ ವಾಪಸ್ ಹೋಗಿ ಪ್ರೊಫೆಸರ್ ಆಗಬೇಕು, ಹೋಗುವಾಗ ಎಲ್ಲರ ಹಾಗೆ ಒಂದು ದೊಡ್ಡ ಅಮೆರಿಕನ್ ಕಾರು ಕೊಂಡೊಯ್ಯಬೇಕು! ಗಲ್ಫಿನಿಂದ ಮರಳುವಾಗ ಟೇಪ್‌ರೆಕಾರ್ಡರು ತಂದ ತಲೆಮಾರು ನಮ್ಮಲ್ಲಿ ಇನ್ನೂ ಇದೆ, ಅವರಿಗೆ ಇದು ಅರ್ಥ ಆಗುತ್ತದೆ. ಆದರೆ ಕಾರು ಊರಿಗೆ ಹೋಗಲಿಲ್ಲ. ಬರ್ಕ್ಲಿಯಲ್ಲಿ ಎರಡು ವರ್ಷ ಸಂಶೋಧನೆ ಮಾಡಿ 1976ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಸಂಸ್ಥೆ ಸೇರಿದರು. ಎರಡು ವರ್ಷ ತುಂಬುವ ಮೊದಲೇ ಕೆಲಸ ಖಾಯಂ ಆಯಿತು. ಕೊನೆಯವರೆಗೂ ಅಲ್ಲೇ ಇದ್ದರು.

ಕಂಬಳದ ಕೋಣ ಮತ್ತು ಅಣುವಿನ ಫೋಟೊ

ಝೆವೈಲ್ ಮಾಡಿದ ಕೆಲಸ ಏನು? ಶಾಲೆ ಬಿಟ್ಟು ವರ್ಷಗಳಾದವರಿಗೂ ತಿಳಿಯುವ ಹಾಗೆ ಹೇಳಲು ನೋಡೋಣ.

ಕಂಬಳದ ಕರೆಯಲ್ಲಿ ಓಡುವ ಕೋಣಗಳ ಫೋಟೊ ತೆಗೆಯುವವರಿಗೆ ಒಂದು ವಿಷಯ ಗೊತ್ತು. ಕ್ಯಾಮೆರಾದ ಶಟರ್ ನಿಧಾನ ಇದ್ದರೆ ಕೋಣವೂ ಇಲ್ಲ, ಓಡಿಸುವವನೂ ಇಲ್ಲ, ಬರೀ ಮಸಕು. ಶಟರ್ ಕೋಣಕ್ಕಿಂತ ಚುರುಕಾಗಿದ್ದರೆ ಮಾತ್ರ ಹಾರಿದ ಕೆಸರಿನ ಹನಿಹನಿಯೂ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತದೆ. 1870ರ ದಶಕದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಓಡುವ ಕುದುರೆಯ ನಾಲ್ಕೂ ಕಾಲು ಒಂದು ಗಳಿಗೆ ನೆಲ ಬಿಡುತ್ತವೆ ಅಂತ ತೋರಿಸಿದ್ದು ಹೀಗೆಯೇ.

ಈಗ ಕೋಣದ ಜಾಗದಲ್ಲಿ ಪರಮಾಣು ಇಡಿ. ಸೌದೆ ಉರಿಯುವಾಗ, ಅನ್ನ ಬೇಯುವಾಗ, ಮದ್ದು ಮೈಯೊಳಗೆ ಕೆಲಸ ಮಾಡುವಾಗ ಪರಮಾಣುಗಳ ನಡುವಿನ ಒಂದು ಕೊಂಡಿ ಕಳಚಿ ಇನ್ನೊಂದು ಕೂಡಿಕೊಳ್ಳುತ್ತದೆ. ಪರಮಾಣುಗಳ ಓಟ ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರು. ಅವು ಓಡಬೇಕಾದ ದೂರವೋ, ಲೆಕ್ಕಕ್ಕೇ ಸಿಗದಷ್ಟು ಕಮ್ಮಿ. ಹಾಗಾಗಿ ಇಡೀ ಘಟನೆ ಕಣ್ಣೆವೆ ಇಕ್ಕುವುದಿರಲಿ, ಅದರ ಕೋಟಿಯ ಒಂದು ಪಾಲಿನಲ್ಲೂ ಮುಗಿದುಹೋಗಿರುತ್ತದೆ. ಕ್ರಿಯೆಯ ಮೊದಲು ಏನಿತ್ತು, ಆಮೇಲೆ ಏನಾಯಿತು ಅಂತ ರಸಾಯನಶಾಸ್ತ್ರಜ್ಞರಿಗೆ ಗೊತ್ತಿತ್ತು. ನಡುವೆ ಏನು ನಡೆಯಿತು ಅನ್ನುವುದನ್ನು ಊಹಿಸಬೇಕಿತ್ತು.

ಆ ನಡುವನ್ನು ಕಾಣಲು ಬೇಕಾದ ಅಳತೆಯ ಹೆಸರು ಫೆಮ್ಟೊ ಸೆಕೆಂಡ್. ಒಂದು ಸೆಕೆಂಡನ್ನು ಕೋಟಿ ಚೂರು ಮಾಡಿ, ಅದರಲ್ಲಿ ಒಂದು ಚೂರನ್ನು ತೆಗೆದು ಮತ್ತೆ ಹತ್ತು ಕೋಟಿ ಚೂರು ಮಾಡಿದರೆ ಸಿಗುವುದು ಒಂದು ಫೆಮ್ಟೊ ಸೆಕೆಂಡ್. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ 3.2 ಕೋಟಿ ವರ್ಷಗಳ ಎದುರು ಒಂದು ಸೆಕೆಂಡು ಎಷ್ಟೋ, ಒಂದು ಸೆಕೆಂಡಿನ ಎದುರು ಫೆಮ್ಟೊ ಸೆಕೆಂಡ್ ಅಷ್ಟು.

ಝೆವೈಲ್ ಮತ್ತು ಅವರ ವಿದ್ಯಾರ್ಥಿಗಳು ಇದಕ್ಕೆ ಲೇಸರ್ ಬೆಳಕನ್ನು ಬಳಸಿದರು. ಮೊದಲ ಮಿಡಿತ ಅಣುವಿಗೆ ತಟ್ಟಿ ಕ್ರಿಯೆಯನ್ನು ಶುರು ಮಾಡುತ್ತದೆ, ಗಡಿಯಾರ ಅಲ್ಲಿಂದ ಓಡಲು ತೊಡಗುತ್ತದೆ. ಕೆಲವು ಫೆಮ್ಟೊ ಸೆಕೆಂಡಿನ ಬಳಿಕ ಎರಡನೇ ಮಿಡಿತ ಬಂದು ಆ ಗಳಿಗೆಯ 'ಫೋಟೊ' ತೆಗೆಯುತ್ತದೆ. ಎರಡರ ನಡುವಿನ ಅಂತರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋದರೆ ಫೋಟೊಗಳೆಲ್ಲ ಸೇರಿ ಒಂದು ಸಿನಿಮಾ. 1980ರ ದಶಕದ ಕೊನೆಯ ಆ ಪ್ರಯೋಗಗಳಲ್ಲಿ ಅಯೋಡಿನ್ ಸಯನೈಡ್ ಎಂಬ ಅಣು ಸುಮಾರು 200 ಫೆಮ್ಟೊ ಸೆಕೆಂಡಿನಲ್ಲಿ ಎರಡಾಗುವುದನ್ನು ಅವರು ಕಂಡರು. ಅಲ್ಲಿಂದ ಹುಟ್ಟಿದ ಶಾಖೆಯೇ ಫೆಮ್ಟೊ ರಸಾಯನಶಾಸ್ತ್ರ.

ಇದರಿಂದ ಏನು ಪ್ರಯೋಜನ ಅಂತ ಕೇಳುವವರಿಗೆ ಒಂದು ಉದಾಹರಣೆ. ನೀವು ಈ ಸಾಲು ಓದುತ್ತಿರುವ ಹಾಗೆಯೇ ನಿಮ್ಮ ಕಣ್ಣಿನ ಹಿಂಬದಿಯ ಪರದೆಯಲ್ಲಿ ಒಂದು ಅಣು ಬೆಳಕು ತಾಗಿ ತಿರುಚಿಕೊಳ್ಳುತ್ತಿದೆ. ನೋಟ ಶುರುವಾಗುವುದೇ ಅಲ್ಲಿಂದ. ಆ ತಿರುಚುವಿಕೆಗೆ ಹಿಡಿಯುವ ಸಮಯವೂ ಸುಮಾರು 200 ಫೆಮ್ಟೊ ಸೆಕೆಂಡ್ ಅಂತ ಇದೇ ಬಗೆಯ ತಂತ್ರದಿಂದ ಬೇರೆ ವಿಜ್ಞಾನಿಗಳು ಅಳೆದರು. ಇಂದು ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲೂ ಫೆಮ್ಟೊ ಸೆಕೆಂಡ್ ಲೇಸರ್ ಬಳಸುತ್ತಾರೆ. ಅದನ್ನು ರೂಪಿಸಿದವರು ಝೆವೈಲ್ ಅಲ್ಲ, ಬೇರೆಯವರು. ಆದರೆ ಒಬ್ಬರು ಕುತೂಹಲಕ್ಕೆ ತೆರೆದ ಬಾಗಿಲಲ್ಲಿ ಇನ್ನೊಬ್ಬರು ಉಪಯೋಗ ಹುಡುಕುವುದು ವಿಜ್ಞಾನದ ರೀತಿ. 2023ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದದ್ದು ಫೆಮ್ಟೊಗಿಂತಲೂ ಸಾವಿರ ಪಾಲು ಚಿಕ್ಕದಾದ ಆಟೊ ಸೆಕೆಂಡ್ ಅಳತೆಯ ಬೆಳಕಿನ ಮಿಡಿತಗಳಿಗೆ.

ಝೆವೈಲ್ ಜೀವನವಿಡೀ ಜಗಳ ಆಡಿದ್ದು ಈ ಒಂದು ಮಾತಿಗಾಗಿಯೇ ಅನ್ನಬಹುದು. ಉಪಯೋಗ ಮೊದಲು ತೋರಿಸಿ, ಆಮೇಲೆ ಹಣ ಕೊಡುತ್ತೇವೆ ಎನ್ನುವ ಸರಕಾರ, ಮ್ಯಾನೇಜರುಗಳನ್ನು ಅವರು ಒಪ್ಪುತ್ತಿರಲಿಲ್ಲ. 2010ರಲ್ಲಿ 'ನೇಚರ್' ಪತ್ರಿಕೆಗೆ ಬರೆದ ಲೇಖನದಲ್ಲೂ ಅವರ ವಾದ ಅದೇ: ಹೊಸ ಶೋಧವನ್ನು ಆರ್ಡರ್ ಕೊಟ್ಟು ಮಾಡಿಸಲಿಕ್ಕಾಗದು, ಒಳ್ಳೆಯ ತಲೆಗಳಿಗೆ ಕೇಳುವ ಸ್ವಾತಂತ್ರ್ಯವನ್ನೂ ಸಮಯವನ್ನೂ ಕೊಟ್ಟರೆ ಅದು ತಾನಾಗಿ ಬರುತ್ತದೆ.

ಗುರುವಾರ ರಾತ್ರಿಯ ಹಾಡು

ವಿಜ್ಞಾನಿ ಅಂದರೆ ಪ್ರಯೋಗಾಲಯ ಬಿಟ್ಟು ಬೇರೇನೂ ಗೊತ್ತಿಲ್ಲದವರು ಅನ್ನುವ ಚಿತ್ರ ನಮ್ಮ ತಲೆಯಲ್ಲಿದೆ. ಝೆವೈಲ್ ಹಾಗಿರಲಿಲ್ಲ. ಓದು, ಸಂಗೀತ, ಸ್ವಲ್ಪ ಆಟೋಟ, ನಮ್ಮ ಪಗಡೆಯ ಹಾಗೆ ದಾಳ ಉರುಳಿಸಿ ಆಡುವ ಬ್ಯಾಕ್‌ಗ್ಯಾಮನ್, ಇವು ಹುಡುಗನಾಗಿದ್ದಾಗಲೇ ಹಿಡಿದ ಹವ್ಯಾಸಗಳು.

ಎಲ್ಲಕ್ಕಿಂತ ಮೇಲೆ ಉಮ್ಮು ಕುಲ್ಸೂಮ್. ಹಳ್ಳಿಯ ಒಬ್ಬ ಇಮಾಮರ ಮಗಳಾಗಿ ಹುಟ್ಟಿ, ಕುರ್‌ಆನ್ ಪಾರಾಯಣದಿಂದ ಸ್ವರ ಪಳಗಿಸಿಕೊಂಡು, ಇಡೀ ಅರಬ್ ಲೋಕದ ಗಾಯಕಿಯಾಗಿ ಬೆಳೆದ ಹೆಣ್ಣುಮಗಳು. ತಿಂಗಳ ಮೊದಲ ಗುರುವಾರ ರಾತ್ರಿ ಆಕೆಯ ಕಛೇರಿ ರೇಡಿಯೊದಲ್ಲಿ ಬರುತ್ತಿತ್ತು, ಮೂರು ಗಂಟೆಗೂ ಹೆಚ್ಚು. ಝೆವೈಲ್ ಮನೆಯಲ್ಲಿ ಅದು ತಪ್ಪುತ್ತಿರಲಿಲ್ಲ. ಈಜಿಪ್ಟಿನಲ್ಲಿ ಓದಿದ ಅಷ್ಟೂ ವರ್ಷ ಗಣಿತ, ರಸಾಯನಶಾಸ್ತ್ರ ಮಾಡುವಾಗ ಹಿನ್ನೆಲೆಯಲ್ಲಿ ಆ ಸ್ವರ ಇರುತ್ತಿತ್ತಂತೆ.

ಹವ್ಯಾಸವನ್ನು 'ಟೈಮ್ ವೇಸ್ಟ್' ಅಂತ ನೋಡುವ ಮನೆಗಳು ಇದನ್ನು ಗಮನಿಸಬೇಕು. ಹಳೆಯ ರೇಡಿಯೊ ಬಿಚ್ಚಿ ಜೋಡಿಸುವ ಹುಡುಗ, ಗೂಡಿನಲ್ಲಿ ಪಾರಿವಾಳ ಸಾಕುವ ಹುಡುಗಿ, ದಫ್ ಕಲಿಯುವವ, ಬ್ಯಾರಿ ಹಾಡು ಬರೆಯುವವಳು, ಇವರೆಲ್ಲ ಒಂದು ಕೆಲಸದಲ್ಲಿ ಗಂಟೆಗಟ್ಟಲೆ ಮನಸ್ಸಿಡುವುದನ್ನು ಕಲಿಯುತ್ತಿದ್ದಾರೆ. ಪ್ರಯೋಗಾಲಯದಲ್ಲಿ ಬೇಕಾದದ್ದೂ ಅದೇ.

ಝೆವೈಲರ ಮದುವೆಯ ಕಥೆಯೂ ನಮ್ಮವರಿಗೆ ಇಷ್ಟವಾಗುವಂಥದ್ದು. ಕಿಂಗ್ ಫೈಸಲ್ ಅಂತರ್‌ರಾಷ್ಟ್ರೀಯ ಪ್ರಶಸ್ತಿ ಪಡೆಯಲು 1989ರ ಮಾರ್ಚ್‌ನಲ್ಲಿ ಅವರು ಸೌದಿಗೆ ಹೋಗಿದ್ದರು. ಅದೇ ವರ್ಷ ಸಾಹಿತ್ಯಕ್ಕಾಗಿ ಅದೇ ಪ್ರಶಸ್ತಿ ಪಡೆಯುತ್ತಿದ್ದ ಸಿರಿಯಾದ ವಿದ್ವಾಂಸರೊಬ್ಬರು ಮಗಳ ಜೊತೆ ಬಂದಿದ್ದರು. ಮಾರ್ಚ್‌ನಲ್ಲಿ ಭೇಟಿ, ಜುಲೈಯಲ್ಲಿ ನಿಶ್ಚಿತಾರ್ಥ, ಸೆಪ್ಟಂಬರ್‌ನಲ್ಲಿ ಮದುವೆ!

ರಾಜಕೀಯದ ಹತ್ತಿರ, ಕುರ್ಚಿಯಿಂದ ದೂರ

ಝೆವೈಲ್ 1982ರಲ್ಲಿ ಅಮೆರಿಕದ ಪೌರತ್ವ ಪಡೆದರೂ ಈಜಿಪ್ಟಿನ ನಂಟು ಬಿಡಲಿಲ್ಲ. ಈಜಿಪ್ಟ್ ಕೂಡ ಅವರನ್ನು ಬಿಡಲಿಲ್ಲ. ನೊಬೆಲ್ ಬರುವ ಮುಂಚೆಯೇ, 1998ರಲ್ಲಿ, ಅವರ ಚಿತ್ರದ ಅಂಚೆಚೀಟಿ ಬಂದಿತ್ತು.

2001ರಲ್ಲಿ 'ನೇಚರ್'ನಲ್ಲಿ ಅವರು ಬರೆದ ಲೇಖನ ಇಲ್ಲದವರ ವಿಜ್ಞಾನದ ಬಗ್ಗೆ. ಬಡ ದೇಶಗಳು ಹಿಂದುಳಿದಿರುವುದು ಧರ್ಮದಿಂದ ಅಲ್ಲ, ಜನರಲ್ಲಿ ಬುದ್ಧಿ ಕಮ್ಮಿ ಇರುವುದರಿಂದಲೂ ಅಲ್ಲ. ಅಕ್ಷರ ಇಲ್ಲದಿರುವುದು, ಅರ್ಹತೆಗೆ ಬೆಲೆ ಇಲ್ಲದಿರುವುದು, ಕೇಳಿದವರ ಬಾಯಿ ಮುಚ್ಚಿಸುವ ಆಡಳಿತ, ಇವು ಕಾರಣ ಅಂತ ಅವರು ಅಲ್ಲಿಯೂ ಬೇರೆಡೆಯೂ ಹೇಳುತ್ತಾ ಬಂದರು. ಇಸ್ಲಾಂ ವಿಜ್ಞಾನಕ್ಕೆ ಅಡ್ಡಿ ಎನ್ನುವವರಿಗೆ ಅವರ ಉತ್ತರ ಸಿದ್ಧವಿತ್ತು: ಪ್ರವಾದಿಯವರಿಗೆ ಇಳಿದ ಮೊದಲ ಆದೇಶವೇ ಓದಿನ ಕುರಿತದ್ದು. ಕತ್ತಲೆ ಕೋಣೆಯ ಸಣ್ಣ ತೂತಿನಿಂದ ಬೆಳಕು ಹೇಗೆ ಚಿತ್ರ ಮೂಡಿಸುತ್ತದೆ ಅಂತ ಸಾವಿರ ವರ್ಷದ ಹಿಂದೆ ಪರೀಕ್ಷೆ ಮಾಡಿ ನೋಡಿದ ಇಬ್ನುಲ್ ಹೈಸಮ್ ಬದುಕಿ ದುಡಿದದ್ದು ಅದೇ ಕೈರೊದಲ್ಲಿ. ಆದರೆ ಹಳೆಯ ವೈಭವದ ಭಾಷಣ ಮಾಡುತ್ತಾ ಕೂರುವವರ ಸಾಲಿಗೆ ಝೆವೈಲ್ ಸೇರಿದವರಲ್ಲ. ಅಜ್ಜನ ಆನೆಯ ಕತೆಯಿಂದ ಇವತ್ತಿನ ಹೊಟ್ಟೆ ತುಂಬುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು.

ಅವರ ಎಲ್ಲ ನಡೆಯನ್ನೂ ಅರಬ್ ಲೋಕ ಮೆಚ್ಚಿತು ಅಂತಲ್ಲ. 1993ರಲ್ಲಿ ಇಸ್ರೇಲಿನ ವುಲ್ಫ್ ಪ್ರಶಸ್ತಿಯನ್ನು ಸ್ವೀಕರಿಸಿದ್ದಕ್ಕೆ ಈಜಿಪ್ಟಿನಲ್ಲಿ ಕಟುವಾದ ಟೀಕೆ ಬಂತು. ಫೆಲೆಸ್ತೀನಿನ ನೋವು ನೋಡುತ್ತಿರುವ ನಮ್ಮ ಓದುಗರಲ್ಲೂ ಹಲವರಿಗೆ ಅದು ಸರಿ ಕಾಣಲಿಕ್ಕಿಲ್ಲ. ದೊಡ್ಡವರ ಬದುಕು ಹೇಳುವಾಗ ಒಪ್ಪದ ಪುಟವನ್ನು ಹರಿದು ಎಸೆಯುವುದು ಸರಿಯಲ್ಲ, ಆದ್ದರಿಂದ ಇದನ್ನೂ ಹೇಳಿದ್ದೇವೆ.

2009ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ತಮ್ಮ ವಿಜ್ಞಾನ ಸಲಹಾ ಮಂಡಳಿಗೆ ಝೆವೈಲರನ್ನು ತೆಗೆದುಕೊಂಡರು. ಆ ವರ್ಷದ ಜೂನ್‌ನಲ್ಲಿ ಕೈರೊದಲ್ಲಿ ಮುಸ್ಲಿಂ ಜಗತ್ತನ್ನು ಉದ್ದೇಶಿಸಿ ಮಾಡಿದ ಭಾಷಣದ ಬಳಿಕ ಆರಿಸಿದ ಮೊದಲ ವಿಜ್ಞಾನ ರಾಯಭಾರಿಗಳಲ್ಲೂ ಅವರೊಬ್ಬರು. 2010ರಲ್ಲಿ ಈಜಿಪ್ಟ್, ಟರ್ಕಿ, ಕತರ್‌ಗಳಿಗೆ ಹೋಗಿ ಬಂದರು.

2011ರ ಜನವರಿ 25ರಂದು ತಹ್ರೀರ್ ಚೌಕದಲ್ಲಿ ಯುವಜನ ಸೇರಿದಾಗ ಝೆವೈಲ್ ಅವರ ಪರ ನಿಂತರು, ಊರಿಗೆ ಧಾವಿಸಿದರು. ಹೊಸ ಸಂವಿಧಾನ ಬರೆಯಲು ಪ್ರಾಜ್ಞರ ಒಂದು ಸಮಿತಿ, ಸ್ವತಂತ್ರ ನ್ಯಾಯಾಂಗ, ನೇರವಾದ ಚುನಾವಣೆ, ಅಲ್ಲಿಯವರೆಗೆ ಒಂದು ಮಧ್ಯಂತರ ಸರಕಾರ, ಹೀಗೊಂದು ದಾರಿಯನ್ನು ಮುಂದಿಟ್ಟರು. ಫೆಬ್ರವರಿ 11ರಂದು ಮುಬಾರಕ್ ಇಳಿದರು. ಝೆವೈಲರೇ ಅಧ್ಯಕ್ಷರಾಗಲಿ ಎಂಬ ಮಾತೂ ಕೇಳಿಬಂತು. ತನಗೆ ಅಧಿಕಾರದ ಆಸೆ ಇಲ್ಲ, ವಿಜ್ಞಾನಿಯಾಗಿಯೇ ದೇಶದ ಸೇವೆ ಮಾಡುತ್ತೇನೆ ಎಂದು ಅವರು ಹಿಂದೆ ಸರಿದರು.

ಅವರಿಗೆ ಬೇಕಿದ್ದದ್ದು ಕುರ್ಚಿ ಅಲ್ಲ, ಒಂದು ವಿಜ್ಞಾನ ನಗರ. ಅದರ ಅಡಿಗಲ್ಲು ಬಿದ್ದದ್ದು 2000ದ ಜನವರಿ 1ರಂದು. ಹತ್ತು ವರ್ಷ ಕಲ್ಲು ಕಲ್ಲಾಗಿಯೇ ಉಳಿಯಿತು. ಸರಕಾರದಲ್ಲಿದ್ದವರಿಗೆ ಫೋಟೊ ಬೇಕಿತ್ತು, ಕೆಲಸ ಬೇಕಿರಲಿಲ್ಲ. ಕ್ರಾಂತಿಯ ಬಳಿಕ 2011ರಲ್ಲಿ ಯೋಜನೆಗೆ ಮತ್ತೆ ಜೀವ ಬಂತು, ಅವರದೇ ಹೆಸರು ಇಟ್ಟರು. ಜನ ದೇಣಿಗೆ ಕೊಟ್ಟರು. ಆದರೆ ಕೊಟ್ಟ ಕಟ್ಟಡಗಳು ನೈಲ್ ವಿಶ್ವವಿದ್ಯಾಲಯಕ್ಕೆ ಎಂದು ಮೊದಲು ಗೊತ್ತುಮಾಡಿದ್ದವು. ಅಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದರು, ವಿಷಯ ಕೋರ್ಟಿಗೆ ಹೋಯಿತು, ತೀರ್ಪು ನೈಲ್ ವಿಶ್ವವಿದ್ಯಾಲಯದ ಪರ ಬಂತು. ಕೊನೆಗೆ ಝೆವೈಲ್ ಸಿಟಿಗೆ ಬೇರೆ ಜಾಗ ಕೊಟ್ಟು ಹೊಸದಾಗಿ ಕಟ್ಟಬೇಕಾಯಿತು. ಒಳ್ಳೆಯ ಉದ್ದೇಶ ಇದ್ದರೂ ಇನ್ನೊಬ್ಬರ ಹಕ್ಕಿನ ಮೇಲೆ ಕಟ್ಟಲಿಕ್ಕಾಗುವುದಿಲ್ಲ. ಸಂಸ್ಥೆ ಕಟ್ಟುವ ನಮ್ಮ ಹಿರಿಯರೂ ಇದನ್ನು ನೆನಪಿಡುವುದು ಒಳ್ಳೆಯದು. ಇಷ್ಟೆಲ್ಲದರ ನಡುವೆ 2013ರಲ್ಲಿ ಅಲ್ಲಿ ತರಗತಿ ಶುರುವಾಯಿತು.

ಕಾಯಿಲೆಯ ಮೂರು ವರ್ಷ

ಅದೇ 2013ರಲ್ಲಿ ಝೆವೈಲರಿಗೆ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಬೆನ್ನುಹುರಿಯಲ್ಲಿ ಗಡ್ಡೆ. ಬೆನ್ನುಹುರಿ ಅಂದರೆ ಮಿದುಳಿನಿಂದ ಕೈಕಾಲಿಗೆ ಹೋಗುವ ಎಲ್ಲ ಸಂದೇಶಗಳ ಹೆದ್ದಾರಿ. ವಯಸ್ಸು 67. ಸುದ್ದಿ ಮುಚ್ಚಿಡಲಿಲ್ಲ, ಈಜಿಪ್ಟಿನ ಜನಕ್ಕೆಲ್ಲ ಗೊತ್ತಾಯಿತು. ಅಮೆರಿಕದಲ್ಲಿ ಚಿಕಿತ್ಸೆ ನಡೆಯಿತು. ಮೈ ಇಳಿದಿತ್ತು, ಆದರೆ ಮನುಷ್ಯ ಎದ್ದು ನಿಂತರು, ಟಿವಿ ಮುಂದೆ ಕೂತು ಜನರೊಂದಿಗೆ ಮಾತಾಡಿದರು.

ಆ ಹೊತ್ತಿಗೆ ಅವರು ಹಿಡಿದಿದ್ದ ಸಂಶೋಧನೆ ಮೊದಲಿನದಕ್ಕಿಂತ ಕಷ್ಟದ್ದು. ಬೆಳಕಿನ ಬದಲು ಇಲೆಕ್ಟ್ರಾನ್‌ಗಳ ಮಿಡಿತದಿಂದ ವಸ್ತುವಿನೊಳಗಿನ ಪರಮಾಣುಗಳು ಎಲ್ಲಿವೆ ಎಂಬುದನ್ನೂ ಹೇಗೆ ಚಲಿಸುತ್ತವೆ ಎಂಬುದನ್ನೂ ಒಟ್ಟಿಗೇ ನೋಡುವ ಸೂಕ್ಷ್ಮದರ್ಶಕ. ಉದ್ದ, ಅಗಲ, ಎತ್ತರಕ್ಕೆ ಕಾಲವನ್ನೂ ಸೇರಿಸಿ ಅದನ್ನು ನಾಲ್ಕು ಆಯಾಮದ ಮೈಕ್ರೊಸ್ಕೋಪ್ ಎಂದು ಕರೆದರು. ಕಾಯಿಲೆ ಪತ್ತೆಯಾದ ಮರುವರ್ಷವೇ, 2014ರಲ್ಲಿ, ಈ ವಿಷಯದ ಒಂದು ದೊಡ್ಡ ಪುಸ್ತಕ ಹೊರತಂದರು. 2016ರ ಫೆಬ್ರವರಿಯಲ್ಲಿ 70 ತುಂಬಿದಾಗ ಕ್ಯಾಲ್ಟೆಕ್ ಅವರ ಗೌರವಕ್ಕೆ ವಿಜ್ಞಾನ ಮತ್ತು ಸಮಾಜದ ಬಗ್ಗೆ ಒಂದು ಸಮ್ಮೇಳನ ನಡೆಸಿತು. ಅಲ್ಲಿ ಸೇರಿ ನಲವತ್ತು ವರ್ಷವೂ ಆಗಿತ್ತು.

ಅದೇ ವರ್ಷದ ಆಗಸ್ಟ್ 2ರಂದು ಅವರು ಅಲ್ಲಾಹನ ಕಡೆಗೆ ಮರಳಿದರು. ಪಾರ್ಥಿವ ಶರೀರವನ್ನು ಈಜಿಪ್ಟಿಗೆ ತಂದು, ಆಗಸ್ಟ್ 7ರಂದು ಕೈರೊದಲ್ಲಿ ಸರಕಾರಿ ಗೌರವದೊಂದಿಗೆ ಜನಾಝ ನಮಾಝ್ ನಡೆಸಿ ದಫನ ಮಾಡಿದರು.

ಹಾಗಾದರೆ ಅವರು ಕಾಯಿಲೆಯನ್ನು ಗೆದ್ದರೋ, ಸೋತರೋ? ನಾವು ಕೇಳುವ ಪ್ರಶ್ನೆಯೇ ತಪ್ಪಿರಬಹುದು. ಆಯುಸ್ಸು ನಮ್ಮ ಕೈಯಲ್ಲಿಲ್ಲ. ಸಿಕ್ಕ ಸಮಯವನ್ನು ಏನು ಮಾಡುತ್ತೇವೆ ಎನ್ನುವುದಷ್ಟೇ ಕೈಯಲ್ಲಿರುವುದು. ಸೆಕೆಂಡಿನ ಚೂರಿನ ಚೂರನ್ನೂ ಅಳೆದ ಮನುಷ್ಯನಿಗೆ ಮೂರು ವರ್ಷ ಅಂದರೆ ಕಮ್ಮಿ ಸಮಯ ಅಲ್ಲ. ಪುಸ್ತಕ ಬರೆಯಲಿಕ್ಕೆ, ವಿದ್ಯಾರ್ಥಿಗಳನ್ನು ತಯಾರು ಮಾಡಲಿಕ್ಕೆ, ವಿಜ್ಞಾನ ನಗರದ ಮೊದಲ ತಂಡಗಳು ಓದುವುದನ್ನು ಕಾಣಲಿಕ್ಕೆ ಅಷ್ಟು ಸಾಕಾಯಿತು.

ಇಲ್ಲಿ ನಮ್ಮ ಮನೆಗಳ ಮಾತು ಸ್ವಲ್ಪ ಆಡಲೇಬೇಕು. ಕ್ಯಾನ್ಸರ್ ಎಂಬ ಹೆಸರನ್ನೇ ಬಾಯಲ್ಲಿ ತರದೆ 'ಆ ಕಾಯಿಲೆ' ಎನ್ನುವವರು ನಾವು. ಮಗಳ ಮದುವೆ ಮಾತುಕತೆಗೆ ತೊಂದರೆಯಾದೀತು ಅಂತ ಉಮ್ಮನ ಎದೆಯ ಗಂಟನ್ನು ತಿಂಗಳುಗಟ್ಟಲೆ ಅಡಗಿಸಿಡುವ ಮನೆಗಳಿವೆ. ಮೊದಲು ಮಂತ್ರಿಸಿದ ನೀರು, ಆಮೇಲೆ ಯಾರೋ ಹೇಳಿದ ಹಳ್ಳಿಮದ್ದು, ಕೊನೆಗೆ ಡಾಕ್ಟರು. ಅಷ್ಟರಲ್ಲಿ ಗಡ್ಡೆ ಬೇರೆ ಕಡೆಗೆ ಹಬ್ಬಿರುತ್ತದೆ. ದುಆ ಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ಮದ್ದು ಮಾಡುವುದು ತವಕ್ಕುಲ್‌ಗೆ ವಿರುದ್ಧ ಅಲ್ಲ ಅಂತ ನಮ್ಮ ಉಸ್ತಾದರುಗಳೇ ಹೇಳುತ್ತಾರೆ, ಅಲ್ವಾ? ಬೇಗ ಗೊತ್ತಾದರೆ ಗುಣವಾಗುವ ಕ್ಯಾನ್ಸರ್‌ಗಳು ಇಂದು ಎಷ್ಟೋ ಇವೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಮಂತ್ರಿಯಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿದೆ. ಅಂಥ ಹೆಸರಿನ ಬಾಗಿಲು ತಟ್ಟಲು ನಾವು ಯಾಕೆ ನಾಚಬೇಕು? ಝೆವೈಲರಂಥ ದೊಡ್ಡ ಮನುಷ್ಯರ ಕಾಯಿಲೆಯೇ ಊರಿಗೆಲ್ಲ ಗೊತ್ತಿತ್ತು. ಅದರಿಂದ ಅವರ ಮರ್ಯಾದೆ ಒಂದು ಎಳ್ಳಿನಷ್ಟೂ ಕಮ್ಮಿಯಾಗಲಿಲ್ಲ.

ನಮಗೆ ಇದರಲ್ಲಿ ಏನಿದೆ?

ಬ್ಯಾರಿ ಸಮುದಾಯ ಕಳೆದ ನಾಲ್ಕು ದಶಕದಲ್ಲಿ ಓದಿನಲ್ಲಿ ಮುಂದೆ ಬಂದಿದೆ. ಇನೋಳಿಯ ಬ್ಯಾರೀಸ್ ಇನ್‌ಸ್ಟಿಟ್ಯೂಟ್, ನಡುಪದವಿನ ಪಿ.ಎ. ಕಾಲೇಜು, ದೇರಳಕಟ್ಟೆಯ ಯೆನೆಪೋಯ ವಿಶ್ವವಿದ್ಯಾಲಯ, ಇವೆಲ್ಲ ನಮ್ಮ ಹಿರಿಯರ ಬೆವರಿನ ಫಲ. ಹೆಣ್ಣುಮಕ್ಕಳು ಎಸೆಸೆಲ್ಸಿ, ಪಿಯುಸಿಯಲ್ಲಿ ಒಳ್ಳೆಯ ಅಂಕ ತರುತ್ತಿದ್ದಾರೆ.

ಆದರೂ ನಮ್ಮ ಮನೆಗಳಲ್ಲಿ ಪಿಯುಸಿ ಸೈನ್ಸ್ ಅಂದರೆ ಒಂದೋ ನೀಟ್, ಇಲ್ಲವೇ ಸಿಇಟಿ. ಅದು ಆಗದಿದ್ದರೆ ಹುಡುಗ ಗಲ್ಫಿಗೆ, ಹುಡುಗಿಗೆ ಮದುವೆ. 'ನನಗೆ ಬಿಎಸ್ಸಿ ಮಾಡಬೇಕು, ಫಿಸಿಕ್ಸ್ ಇಷ್ಟ' ಅಂತ ಮಗಳು ಹೇಳಿದರೆ 'ಅದರಿಂದ ಏನು ಸಿಗ್ತದೆ?' ಅಂತ ಮೊದಲ ಪ್ರಶ್ನೆ. ದುಡಿಮೆಯ ಚಿಂತೆ ತಪ್ಪಲ್ಲ, ಕಷ್ಟಪಟ್ಟು ಬಂದವರ ಚಿಂತೆ ಅದು. ಆದರೆ ವಿಜ್ಞಾನದ ಓದು ಅಂದರೆ ಸೀಟು ಮತ್ತು ಸಂಬಳ ಮಾತ್ರ ಆಗಿಬಿಟ್ಟರೆ ನಾವು ಬೇರೆಯವರು ಕಂಡುಹಿಡಿದ ಯಂತ್ರವನ್ನು ನಡೆಸುವವರಾಗಿಯೇ ಉಳಿಯುತ್ತೇವೆ, ಕಂಡುಹಿಡಿಯುವವರ ಸಾಲಿಗೆ ಸೇರುವುದಿಲ್ಲ. ಫೋನು ಕೊಳ್ಳಬಹುದು, ಕೇಳುವ ಅಭ್ಯಾಸವನ್ನು ಕೊಳ್ಳಲಿಕ್ಕೆ ಆಗುವುದಿಲ್ಲ.

ಝೆವೈಲರ ಬದುಕಿನಿಂದ ನಾವು ಹೆಕ್ಕಿಕೊಳ್ಳಬಹುದಾದದ್ದು ಖರ್ಚಿನದ್ದೇನೂ ಅಲ್ಲ. ಮನೆಯಲ್ಲಿ ಒಂದು ಮೂಲೆ, ಒಂದು ಮೇಜು, ಅದು ಓದುವ ಮಗುವಿನದ್ದು ಅಂತ ಎಲ್ಲರೂ ಒಪ್ಪಿದ ಜಾಗ. ಮಗ ಮಿಕ್ಸಿ ಬಿಚ್ಚಿದರೆ ಪ್ಲಗ್ ತೆಗೆದಿದ್ದಾನಾ ಅಂತ ನೋಡಿ, ಪಕ್ಕದಲ್ಲಿ ಕೂತು, ಮುಂದೇನು ಮಾಡುತ್ತಾನೆ ಅಂತ ಕೇಳುವ ತಾಳ್ಮೆ. ಪಳ್ಳಿಯ ಮದ್ರಸ ಮುಗಿದ ಮೇಲೆ ಖಾಲಿ ಬೀಳುವ ಕೋಣೆಯಲ್ಲಿ ಸಂಜೆ ಎರಡು ಗಂಟೆ ಒಂದು ಓದುವ ಕೂಟ. ಊರಲ್ಲಿ ಯಾರಾದರೂ ಎಂಎಸ್ಸಿ ಓದಿದವರಿದ್ದರೆ ವಾರಕ್ಕೊಂದು ದಿನ ಅವರು ಅಲ್ಲಿ ಕೂರಲಿ. ಬೇಸಗೆ ರಜೆಯಲ್ಲಿ ಮಾಲ್‌ಗೆ ಹೋಗುವ ಬದಲು ಒಮ್ಮೆ ಪಿಲಿಕುಳಕ್ಕೆ ಹೋಗಿ ವಿಜ್ಞಾನ ಕೇಂದ್ರ, ತಾರಾಲಯ ನೋಡಿ ಬರಬಹುದು. ನೊಬೆಲ್ ಸಿಗುವುದು ಬಿಡುವುದು ಅಲ್ಲಾಹನ ಇಚ್ಛೆ.

ಕಡೆಗೊಂದು ಮಾತು, ಹೆತ್ತವರಿಗೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಗುವೋ ಮೊಮ್ಮಗುವೋ 'ಯಾಕೆ' ಅಂತ ಏನಾದರೂ ಕೇಳಿದರೆ 'ಸುಮ್ನೆ ಉಣ್ಣು' ಅನ್ನಬೇಡಿ. ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ 'ನನಗೂ ಗೊತ್ತಿಲ್ಲ, ನಾಳೆ ನೋಡುವ' ಅನ್ನಿ. ಮರುದಿನ ಮರೆಯದೆ ನೋಡಿ.